ಇಬ್ಬರ ದುಡಿಮೆ, ಯಾರಿಗೂ ಇಲ್ಲದ ಹೊತ್ತು: ಕಾಸರಗೋಡಿನ ಮಧ್ಯಮ ವರ್ಗದ ಸಂಸಾರಗಳ ಕುರಿತು ಒಂದು ಚರ್ಚೆ

ಉಪ್ಪಳದಿಂದ, ಚರ್ಚೆಯನ್ನು ಆರಂಭಿಸುತ್ತಾ

ಕಾಸರಗೋಡಿನ ಕನ್ನಡ ಮನೆಗಳ ಬಗ್ಗೆ ಇಲ್ಲಿ ನಡೆಯುವ ಮಾತುಕತೆ ಹೆಚ್ಚಾಗಿ ಭಾಷೆ, ನೇಮಕಾತಿ, ಪಠ್ಯಪುಸ್ತಕಗಳ ಸುತ್ತ ಇರುತ್ತದೆ; ಅದು ಇರಬೇಕಾದದ್ದೇ. ನಾನಿಂದು ಕೇಳಬೇಕೆಂದಿರುವುದು ಅದರ ಪಕ್ಕದಲ್ಲೇ ಇರುವ ಇನ್ನೊಂದು ವಿಷಯ. ಗಂಡ ಹೆಂಡತಿ ಇಬ್ಬರೂ ದುಡಿಯುವ, ಸ್ವಂತ ಸೂರಿರುವ, ಊಟಕ್ಕೆ ಕೊರತೆಯಿಲ್ಲದ ನಮ್ಮಂಥ ಸಂಸಾರಗಳಲ್ಲಿ ಯಾರಿಗೂ ಹೊತ್ತು ಸಾಲುವುದಿಲ್ಲ. ಬರುವ ವರ್ಷ ಹೇಗೋ ಎಂಬ ಅಳುಕು ಮಾತ್ರ ಎಲ್ಲರಿಗೂ ಇದೆ. ಈ ಎರಡನ್ನೂ ಬೇರೆಬೇರೆ ಕಷ್ಟಗಳೆಂದು ತಿಳಿದು, ಒಂದಕ್ಕೆ ಸಾಲ ಮಾಡುತ್ತೇವೆ, ಇನ್ನೊಂದಕ್ಕೆ ಅರ್ಧ ಗಂಟೆ ಬೇಗ ಏಳುತ್ತೇವೆ. ನನಗೆ ಕಾಣುವ ಪ್ರಕಾರ, ಆದಾಯದಲ್ಲಿಲ್ಲದ ಭದ್ರತೆಯನ್ನು ನಾವು ಮನೆಯವರ ಹೊತ್ತಿನಿಂದ ತುಂಬಿಸಿಕೊಳ್ಳುತ್ತಿದ್ದೇವೆ. ಆ ಹೊತ್ತು ಬಹುಪಾಲು ಹೆಂಗಸರದ್ದು ಮತ್ತು ವಯಸ್ಸಾದವರದ್ದು. ಮನೆಯ ಜಮಾಖರ್ಚಿನಲ್ಲಿ ಅದು ಎಲ್ಲೂ ದಾಖಲಾಗುವುದಿಲ್ಲ.

ಹೇಗೆಂದು ವಿವರಿಸುತ್ತೇನೆ. ನಾನು ಮಂಗಳೂರಿನ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ನನ್ನ ಯಜಮಾನರು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ದಿನಗೂಲಿ ಅಧ್ಯಾಪಕರು. ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳಲ್ಲಿ ಆರನೆಯ ಅಧ್ಯಯನ ದಿನದಂದು ಮಕ್ಕಳ ಎಣಿಕೆಯಾಗುತ್ತದೆ, ಆ ಸಂಖ್ಯೆಯ ಮೇಲೆ ಡಿವಿಷನ್ (ತರಗತಿಯ ವಿಭಾಗ) ಎಷ್ಟು, ಹುದ್ದೆ ಎಷ್ಟು ಎಂಬುದು ತೀರ್ಮಾನವಾಗುತ್ತದೆ. ಕನ್ನಡ ಡಿವಿಷನ್ನಿನಲ್ಲಿ ನಾಲ್ಕೈದು ಮಕ್ಕಳು ಕಡಿಮೆಯಾದರೆ ಒಂದು ಹುದ್ದೆ ಹೋಗುತ್ತದೆ. ಹುದ್ದೆ ಹೋದರೆ ದಿನಗೂಲಿಯವರು ಇನ್ನೊಂದು ಶಾಲೆಯ ಸಂದರ್ಶನಕ್ಕೆ ಪ್ರಮಾಣಪತ್ರಗಳ ಕಡತ ಹಿಡಿದುಕೊಂಡು ಹೊರಡಬೇಕು. ಏಪ್ರಿಲ್, ಮೇ ತಿಂಗಳುಗಳಿಗೆ ಸಂಬಳವಿಲ್ಲ. ಹೀಗಿರುವಾಗ ನನ್ನ ಕೆಲಸವನ್ನು ಬಿಡುವಂತಿಲ್ಲ, ಅದಕ್ಕಾಗಿ ದಿನಾಲೂ ಗಡಿ ದಾಟದೆ ವಿಧಿಯಿಲ್ಲ.

ಉಪ್ಪಳದಿಂದ ಮಂಗಳೂರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ದೂರವೇನೂ ಹೆಚ್ಚಲ್ಲ. ಆದರೆ ಬೆಳಗ್ಗಿನ ರೈಲು ತಪ್ಪಿದರೆ ಬಸ್ಸು, ಬಸ್ಸಿಗೆ ಹೆದ್ದಾರಿ ಕಾಮಗಾರಿಯ ತಿರುವುಗಳು. ಸಂಜೆ ಮಂಗಳೂರು ಸೆಂಟ್ರಲ್ಲಿನಿಂದ ಹೊರಟ ಗಾಡಿ ಕ್ರಾಸಿಂಗಿಗೆಂದು ಎಲ್ಲಿ ಎಷ್ಟು ಹೊತ್ತು ನಿಲ್ಲುವುದೋ ಹೇಳಲಾಗದು. ಒಂಬತ್ತಕ್ಕೆ ಕಚೇರಿಯಲ್ಲಿರಬೇಕಾದರೆ ಏಳಕ್ಕೆ ಮನೆ ಬಿಡಬೇಕು. ಮಗನ ಶಾಲೆಯ ಗಂಟೆ ಹೊಡೆಯುವುದು ಹತ್ತರ ಹೊತ್ತಿಗೆ, ಬಿಡುವುದು ನಾಲ್ಕಕ್ಕೆ. ಬೆಳಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಅವನು ಅಜ್ಜಿಯ ಕೈಯಲ್ಲಿ. ಅತ್ತೆಯವರಿಗೆ ಮಂಡಿನೋವಿದ್ದರೂ ಮೊಮ್ಮಗನನ್ನು ಕಾಯಲೇಬೇಕಾಗಿರುವುದರಿಂದ ಅವರು ತಮ್ಮ ತಂಗಿಯ ಮನೆಗೆ ಹೋಗಿ ನಾಲ್ಕು ದಿನ ನಿಲ್ಲುವಂತಿಲ್ಲ.

ಎರಡು ರಾಜ್ಯಗಳ ನಡುವೆ ಸಂಸಾರ ಹಂಚಿಹೋದಾಗ ರಜೆಗಳೂ ಒಟ್ಟಿಗೆ ಬರುವುದಿಲ್ಲ. ಓಣಂಗೆ ಮಗನಿಗೂ ಅವನ ಅಪ್ಪನಿಗೂ ಸುಮಾರು ಹತ್ತು ದಿನ ರಜೆ, ನನಗೆ ಒಂದೂ ಇಲ್ಲ. ನವೆಂಬರ್ 1ರಂದು ನನ್ನ ಕಚೇರಿಗೆ ರಜೆ, ಅವರಿಗೆ ಶಾಲೆ. ಮೂವರೂ ಹಗಲಿಡೀ ಮನೆಯಲ್ಲಿರುವ ದಿನ ಭಾನುವಾರ ಮಾತ್ರ. ಆ ದಿನ ಬಟ್ಟೆ ಒಗೆತ, ವಾರದ ಸಾಮಾನು, ದೋಸೆ ಇಡ್ಲಿಗೆ ಅರೆದಿಡುವುದು, ನೆಂಟರ ಮದುವೆ, ಗೃಹಪ್ರವೇಶ.

ನಿಮ್ಮ ಮನೆಗಳಲ್ಲಿ ಹೇಗಿದೆ, ಈ ಹೊತ್ತಿನ ಹೊರೆಯನ್ನು ಯಾರು ಹೊರುತ್ತಿದ್ದಾರೆ, ಅದನ್ನು ಹಂಚಿಕೊಳ್ಳುವ ದಾರಿ ಯಾರಿಗಾದರೂ ಸಿಕ್ಕಿದೆಯೇ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.

ಬದಿಯಡ್ಕದಿಂದ, ನಿವೃತ್ತ ಅಧ್ಯಾಪಕರು

ತಂಗಿ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಿಮ್ಮ ಯಜಮಾನರ ಪರಿಸ್ಥಿತಿ ನನಗೆ ಚೆನ್ನಾಗಿ ಗೊತ್ತು; ನನ್ನ ಶಿಷ್ಯರಲ್ಲೇ ಅನೇಕರು ಹಾಗಿದ್ದಾರೆ. ಆದರೂ ಹಿರಿಯನಾಗಿ ಒಂದು ಮಾತು ಹೇಳಬೇಕೆನಿಸುತ್ತದೆ. ನಾನು ಸೇವೆಗೆ ಸೇರಿದ ಕಾಲದಲ್ಲಿ ಒಬ್ಬನ ಸಂಬಳದಲ್ಲಿ ಏಳು ಜನ ಉಂಡಿದ್ದೇವೆ. ಮನೆಗೆ ಹುಲ್ಲಿನ ಮಾಡು ಹೋಗಿ ಹಂಚು ಬಂದದ್ದೇ ದೊಡ್ಡ ಸಂಗತಿ. ಈಗ ಕೆಂಪುಕಲ್ಲಿನ ಗೋಡೆ ಸಾಲದು, ಮನೆಗೆ ಎರಡು ಅಂತಸ್ತು ಬೇಕು, ಎದುರಿಗೆ ಕಾರು ನಿಲ್ಲಬೇಕು. ಮದುವೆಯೆಂದರೆ ಹಾಲ್, ಅಲಂಕಾರ, ವಿಡಿಯೊ, ಊಟಕ್ಕೆ ಇಪ್ಪತ್ತು ಬಗೆ. ಕೊಲ್ಲಿಯಿಂದ ಬಂದ ದುಡ್ಡಿನವರು ಹಾಕಿಕೊಟ್ಟ ಮಟ್ಟಕ್ಕೆ ಸಂಬಳದವರೂ ಏರಬೇಕೆಂದು ಹೊರಟ ಮೇಲೆ ಅಭದ್ರತೆ ಬಾರದೆ ಇರುತ್ತದೆಯೇ? ಮನೆ ಕಟ್ಟಿ ಸೋತವರನ್ನು ನಮ್ಮ ಪಂಚಾಯತಿನಲ್ಲೇ ನಾನು ಸಾಕಷ್ಟು ಕಂಡಿದ್ದೇನೆ. ಹತ್ತು ಹದಿನೈದು ವರ್ಷದ ಕಂತು ಹೊತ್ತವನು ಕೆಲಸ ಬದಲಾಯಿಸಲೂ ಹೆದರುತ್ತಾನೆ, ರಜೆ ಕೇಳಲೂ ಹೆದರುತ್ತಾನೆ, ಅವನ ಹೊತ್ತು ಅವನ ಕೈಯಲ್ಲಿ ಇರುವುದಿಲ್ಲ.

ನಿಮ್ಮ ಮನೆ ಹಾಗೆಂದು ನಾನು ಹೇಳುತ್ತಿಲ್ಲ. ಆದರೆ ಅಗತ್ಯವನ್ನು ಕಡಿಮೆ ಮಾಡಿಕೊಂಡರೆ ಹೊತ್ತೂ ಮಿಗುತ್ತದೆ, ದುಡ್ಡೂ ಮಿಗುತ್ತದೆ ಎಂಬುದನ್ನು ಈ ಚರ್ಚೆಯಲ್ಲಿ ಯಾರಾದರೂ ಹೇಳಲೇಬೇಕು.

ಪೆರ್ಲದಿಂದ, ಕೃಷಿಯ ಜೊತೆಗೆ ಕಂಪೆನಿ ಕೆಲಸದಲ್ಲಿರುವವರು

ಮಾಷ್ಟ್ರೇ, ನಿಮ್ಮ ಮಾತಿನಲ್ಲಿ ಮನೆ ಮತ್ತು ಮದುವೆಯ ಖರ್ಚಿನ ಭಾಗವನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಒಬ್ಬರ ಸಂಬಳದಲ್ಲಿ ಏಳು ಜನ ಉಂಡ ಕಾಲದಲ್ಲಿ ಆ ಏಳು ಜನರಲ್ಲಿ ಐದು ಜನ ಬೆಳಗ್ಗಿನಿಂದ ರಾತ್ರಿಯವರೆಗೆ ಮನೆಯಲ್ಲೇ ದುಡಿಯುತ್ತಿದ್ದರು. ದನ ಕರೆಯುವವರು, ಸೊಪ್ಪು ತರುವವರು, ಅಡಿಕೆ ಹೆಕ್ಕುವವರು, ಭತ್ತ ಬೇಯಿಸುವವರು ಮನೆಯವರೇ. ಸಂಬಳ ಒಬ್ಬರದಾಗಿತ್ತು, ದುಡಿಮೆ ಒಬ್ಬರದಾಗಿರಲಿಲ್ಲ. ಅದನ್ನು ಬಿಟ್ಟು ಆ ಕಾಲದೊಂದಿಗೆ ಈ ಕಾಲವನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ನನ್ನ ಸ್ಥಿತಿಯನ್ನೇ ಹೇಳುತ್ತೇನೆ. 2020ರಲ್ಲಿ ಕೋವಿಡ್ ಬಂದಾಗ ಬೆಂಗಳೂರಿನ ಕಂಪೆನಿ ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿತು. ಅಪ್ಪನಿಗೆ ವಯಸ್ಸಾಗಿತ್ತು, ತೋಟ ನೋಡಿಕೊಳ್ಳಬಹುದೆಂದು ಸಂತೋಷದಿಂದಲೇ ಬಂದೆ. ಎರಡು ಆದಾಯ ಇದ್ದರೆ ಭದ್ರತೆ ಹೆಚ್ಚೀತು ಎಂಬುದು ನಮ್ಮ ಎಣಿಕೆ. ನಡೆದದ್ದೇನೆಂದರೆ, ಎರಡು ಅಭದ್ರತೆಗಳನ್ನು ಒಬ್ಬನೇ ಹೊರುವಂತಾಯಿತು. ಕಂಪೆನಿ ಯಾವಾಗ ವಾರಕ್ಕೆ ಮೂರು ದಿನ ಕಚೇರಿಗೆ ಬಾ ಎನ್ನುತ್ತದೋ ತಿಳಿಯದು. ಬಂದರೆ ಬೆಂಗಳೂರಿನ ಬಾಡಿಗೆ ಮತ್ತೆ ಆರಂಭ. ಇತ್ತ ಅಡಿಕೆಯ ಧಾರಣೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದು ನಮ್ಮ ಅಂಗಳದಲ್ಲಿ ತೀರ್ಮಾನವಾಗುವುದಿಲ್ಲ. ಹೊರದೇಶದ ಅಡಿಕೆ ಅಗ್ಗಕ್ಕೆ ಬಂದು ಬೀಳದಂತೆ ಕೇಂದ್ರ ಸರಕಾರ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅದರಿಂದ ಸಮಾಧಾನವಾದದ್ದು ನಿಜ. ಆದರೆ ಕಳ್ಳದಾರಿಯಲ್ಲಿ ಬರುವುದಕ್ಕೆ ಆ ಬೆಲೆ ಅಡ್ಡಬರುವುದಿಲ್ಲ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿಕೊಂಡದ್ದೇ ಬೆಳೆಗಾರ ವ್ಯಾಪಾರಿಯ ಮುಂದೆ ಅಸಹಾಯಕನಾಗಿ ನಿಲ್ಲಬಾರದೆಂದು. ಅದು ಇರುವುದರಿಂದ ಕನಿಷ್ಠ ಮಾರುವ ಜಾಗವೊಂದಿದೆ. ಇಷ್ಟಾದರೂ ಚಾಲಿ ಅಡಿಕೆಯನ್ನು ಒಣಗಿಸಿ, ಸುಲಿದು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ದರ್ಜೆಗಳಾಗಿ ಬೇರ್ಪಡಿಸಿ ಗೋಣಿ ಕಟ್ಟಿದ ಮೇಲೆ, ಇಂದು ಕೊಡುವುದೋ ಇನ್ನೊಂದು ತಿಂಗಳು ಇಡುವುದೋ ಎಂದು ನಿರ್ಧರಿಸುವುದು ಮಗಳ ಶುಲ್ಕದ ಗಡುವು.

ಹೊತ್ತಿನ ವಿಷಯಕ್ಕೆ ಬರುತ್ತೇನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಕೆಲಸ ಮಳೆಗಾಲ ಹಿಡಿಯುವ ಮುನ್ನ ಒಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಆಗಲೇಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೇರೆಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡಬೇಕು. ಇದನ್ನು ನಿನ್ನೆಯೇ ಮಾಡಿಡಲಾಗದು, ಅಂದಂದೇ ಮಾಡಿ ಅಂದೇ ಮುಗಿಸಬೇಕು. ಮದ್ದು ಬಿಡುವವರು ಊರಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರು ನಾಳೆ ಬರುತ್ತೇವೆ ಎಂದು ಹೇಳುವುದು ರಾತ್ರಿ. ಬೆಳಗ್ಗೆ ಬಿಸಿಲಿದ್ದರೆ ಬಿಡಬೇಕು. ಅದೇ ಬೆಳಗ್ಗೆ ನನಗೆ ಮೀಟಿಂಗ್ ಇರುತ್ತದೆ. ಒಂದು ಕಿವಿಗೆ ಇಯರ್‌ಫೋನ್ ಹಾಕಿ, ಕೈಯಲ್ಲಿ ಕೋಲು ಹಿಡಿದು ಡ್ರಮ್ ಕದಡಿದ್ದೇನೆ. ಹತ್ತು ಗಂಟೆಗೆ ಕೆಲಸದವರಿಗೆ ಚಹಾ, ತಿಂಡಿ. ಅದು ಹೆಂಡತಿಯ ಪಾಲಿಗೆ. ಅವಳು ಪಂಚಾಯತಿನಲ್ಲಿ ತಾತ್ಕಾಲಿಕ ಹುದ್ದೆಯಲ್ಲಿದ್ದವಳು, ಎರಡನೆಯ ಮಗುವಾದ ಮೇಲೆ ಬಿಟ್ಟಳು. ಅದನ್ನು ನಮ್ಮ ಮನೆಯಲ್ಲಿ ಯಾರೂ ನಷ್ಟವೆಂದು ಲೆಕ್ಕ ಹಾಕಿಲ್ಲ. ಉಪ್ಪಳದ ಅಕ್ಕನ ಬರಹ ಓದಿದ ಮೇಲೆ ನಾವಿಬ್ಬರೂ ಕುಳಿತು ಆ ಮಾತನ್ನಾಡಿದೆವು.

ಕುಂಬಳೆಯಿಂದ, ಹಣಕಾಸು ಸಂಸ್ಥೆಯೊಂದರ ನೌಕರರು

ಸಾಲದ ಕಡೆಯಿಂದ ಕೆಲವು ಮಾತು. ಕೇರಳಕ್ಕೆ ಸೇರಿದ ಮೇಲೆ ನಮ್ಮ ಮನೆಗಳಿಗೆ ಚಿಟ್ಟಿಯ (ಚೀಟಿ ಹಣದ) ಅಭ್ಯಾಸ ಬಲವಾಗಿ ಬಂದಿದೆ. 1969ರಲ್ಲಿ ರಾಜ್ಯ ಸರಕಾರವೇ ಚಿಟ್ಟಿ ನಡೆಸುವ ಕೆಎಸ್‌ಎಫ್‌ಇ ಸಂಸ್ಥೆಯನ್ನು ಆರಂಭಿಸಿದ್ದರಿಂದ ನಂಬಿಕೆಯೂ ಇದೆ. ತಿಂಗಳಿಗೆ 5,000 ರೂಪಾಯಿಯಂತೆ ನಲವತ್ತು ತಿಂಗಳ, 2 ಲಕ್ಷದ ಚಿಟ್ಟಿ ಎಂದಿಟ್ಟುಕೊಳ್ಳಿ. ಅವಸರವಿಲ್ಲದವನು ಕೊನೆಯವರೆಗೆ ಕಾದು, ಪ್ರತಿ ತಿಂಗಳು ಬರುವ ಲಾಭಾಂಶದಿಂದ ಕಂತನ್ನೂ ಕಡಿಮೆ ಕಟ್ಟಿ, ಪೂರ್ಣ ಮೊತ್ತದ ಹತ್ತಿರ ಪಡೆಯುತ್ತಾನೆ. ಅವಸರವಿದ್ದವನು ಮೊದಲ ತಿಂಗಳುಗಳಲ್ಲೇ ನೂರಕ್ಕೆ ಮೂವತ್ತು ಬಿಟ್ಟುಕೊಟ್ಟು ಹರಾಜಿನಲ್ಲಿ ಚಿಟ್ಟಿ ಹಿಡಿದರೆ ಅವನ ಕೈಗೆ 1,40,000. ಅವನು ಬಿಟ್ಟ 60,000ದಲ್ಲಿ ನೂರಕ್ಕೆ ಐದರಂತೆ ನಡೆಸುವವರ ಕಮಿಷನ್ 10,000 ಹೋಗಿ ಉಳಿದ 50,000 ನಲವತ್ತು ಮಂದಿಗೆ ತಲಾ 1,250ರಂತೆ ಹಂಚಿಕೆಯಾಗುತ್ತದೆ. ಅಂದರೆ ಕಾಯಲು ಆಗದವನ ಹಣ ಕಾಯಬಲ್ಲವನ ಕಂತನ್ನು ಇಳಿಸುತ್ತದೆ. ಇದರಲ್ಲಿ ಮೋಸವಿಲ್ಲ, ವ್ಯವಸ್ಥೆಯೇ ಹಾಗೆ. ಆದರೆ ಮೊದಲು ಹಿಡಿಯುವವರು ಯಾರೆಂದು ನೋಡಿದರೆ ಆಸ್ಪತ್ರೆಯ ಬಿಲ್ಲು, ಮಕ್ಕಳ ಸೀಟು, ಮನೆಯ ಅರ್ಧ ನಿಂತ ಕೆಲಸ ಇರುವವರೇ.

ಒಡವೆಯ ಕಥೆಯೂ ಅದೇ. ಬಂಗಾರದ ಬೆಲೆಯ ನೂರಕ್ಕೆ 75ರವರೆಗೆ ಸಾಲ ಕೊಡಬಹುದೆಂಬುದು ಬಹುಕಾಲ ರಿಸರ್ವ್ ಬ್ಯಾಂಕಿನ ನಿಯಮವಾಗಿತ್ತು. ಜೂನ್ ತಿಂಗಳಲ್ಲಿ ನಮ್ಮ ಕೌಂಟರಿನ ಮುಂದೆ ಕರಿಮಣಿ ಬಿಟ್ಟು ಉಳಿದದ್ದನ್ನೆಲ್ಲ ಕರವಸ್ತ್ರದಲ್ಲಿ ಕಟ್ಟಿಕೊಂಡು ಬರುವ ತಾಯಂದಿರು ಸಾಲಾಗಿ ನಿಲ್ಲುತ್ತಾರೆ. ಅಡಿಕೆ ಮಾರಿದ ಮೇಲೆ ಬಿಡಿಸುತ್ತಾರೆ. ಬಿಡಿಸಲಾಗದವರು ಬಡ್ಡಿ ಮಾತ್ರ ಕಟ್ಟಿ ಮತ್ತೊಂದು ವರ್ಷಕ್ಕೆ ಮುಂದೂಡುತ್ತಾರೆ. ಒಡವೆ ಒಂದೇ ಇರುತ್ತದೆ. ಮದುವೆಯಲ್ಲಿ ಅದನ್ನು ಹಾಕಿಕೊಂಡವಳು ಮಾತ್ರ ಅದನ್ನು ಮತ್ತೆ ಹಾಕಿಕೊಂಡದ್ದು ಕಡಿಮೆ.

ಮಾಷ್ಟ್ರಿಗೆ ಗೌರವದಿಂದ ಒಂದು ಮಾತು: 2013ರ ಏಪ್ರಿಲ್ 1ರ ಬಳಿಕ ಕೇರಳ ಸರಕಾರದ ಸೇವೆಗೆ ಸೇರಿದವರಿಗೆ ಹಿಂದಿನ ಖಾತರಿಯ ಪಿಂಚಣಿಯ ಬದಲು ಸಂಬಳದಿಂದ ವಂತಿಗೆ ಕಟ್ಟಿ ಪಡೆಯುವ ಪಿಂಚಣಿಯನ್ನು ತಂದರು. ಖಾಯಂ ಕೆಲಸ ಸಿಕ್ಕಿದವರಿಗೇ ಹೀಗಿರುವಾಗ ಉಳಿದವರು ಮುಪ್ಪಿಗೆಂದು ಮನೆಯನ್ನೋ ಬಂಗಾರವನ್ನೋ ಮಾಡಿಡುವುದನ್ನು ಬರೀ ಆಡಂಬರವೆಂದು ಹೇಳಲಾಗದು.

ಮಂಜೇಶ್ವರದಿಂದ, ಮಂಗಳೂರಿನ ಆಸ್ಪತ್ರೆಯೊಂದರ ನರ್ಸ್

ಮುದುಕರ ಆರೈಕೆಯ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯ ಉತ್ತರ ಭಾಗದವರಿಗೆ ದೊಡ್ಡ ಕಾಯಿಲೆಯೆಂದರೆ ಮಂಗಳೂರು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾದರೂ, ಅಲ್ಲಿ ಮೊದಲು ರೋಗಿಗಳನ್ನು ಮಲಗಿಸಿದ್ದು 2020ರಲ್ಲಿ, ಕೋವಿಡ್ ಆಸ್ಪತ್ರೆಯಾಗಿ. 2020ರ ಮಾರ್ಚಿನಲ್ಲಿ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಡಯಾಲಿಸಿಸಿನವರು, ಹೃದಯದ ಕಾಯಿಲೆಯವರು ಈಚೆಯೇ ಉಳಿದರು, ಕೆಲವರ ಜೀವ ಉಳಿಯಲಿಲ್ಲ. ನಾನಾಗ ಆಚೆ ಆಸ್ಪತ್ರೆಯ ಹಾಸ್ಟೆಲಿನಲ್ಲಿದ್ದೆ, ನನ್ನ ಮಗು ಈಚೆ. ಗಡಿ ಎಂಬುದು ಭೂಪಟದ ಗೆರೆಯೆಂದು ತಿಳಿದಿದ್ದ ಮನೆಗಳಿಗೆ, ತಮ್ಮ ಕೆಲಸ ಮತ್ತು ಔಷಧಿ ಎರಡೂ ಬೇರೊಂದು ಸರಕಾರದ ತೀರ್ಮಾನಕ್ಕೆ ಒಳಪಟ್ಟಿವೆ ಎಂಬುದು ಆ ದಿನಗಳಲ್ಲಿ ಮನದಟ್ಟಾಯಿತು. ಆಮೇಲೆ ದಾರಿ ತೆರೆಯಿತು, ಆ ಹೆದರಿಕೆ ಮಾತ್ರ ಹೋಗಿಲ್ಲ.

ನಮ್ಮದು ಬಿಳಿ ರೇಷನ್ ಕಾರ್ಡು. ಒಂದು ಎಕ್ರೆಗಿಂತ ಹೆಚ್ಚು ಜಾಗ, ಸಾವಿರ ಚದರಡಿಗಿಂತ ದೊಡ್ಡ ಮನೆ, ನಾಲ್ಕು ಚಕ್ರದ ಗಾಡಿ, ತಿಂಗಳಿಗೆ 25,000ಕ್ಕಿಂತ ಹೆಚ್ಚು ಆದಾಯ, ಇವುಗಳಲ್ಲಿ ಒಂದಿದ್ದರೂ ಆದ್ಯತೆಯ ಪಟ್ಟಿಯಿಂದ ಹೊರಗೆ. ನನ್ನ ಸಂಬಳ 21,000 ದಾಟಿದಾಗ ನೌಕರರ ವಿಮೆಯಾದ ಇಎಸ್‌ಐಯಿಂದಲೂ ಹೊರಗಾದೆ, ಏಕೆಂದರೆ 2017ರಿಂದ ಅದರ ಮಿತಿ ಅಷ್ಟೇ. ಸಂಬಳ ಸ್ವಲ್ಪ ಏರಿದ್ದಕ್ಕೆ ಮನೆಯವರ ಚಿಕಿತ್ಸೆಯ ಆಸರೆ ತಪ್ಪಿತು. ಬಡವರೆನ್ನಲು ದಾಖಲೆಯಿಲ್ಲ, ಒಂದು ಆಪರೇಷನ್ ತಡೆಯುವ ಶಕ್ತಿಯೂ ಇಲ್ಲ. ನಮ್ಮ ವಾರ್ಡಿನಲ್ಲಿ ನಾನು ಕಾಣುವ ಅನೇಕ ಸಂಸಾರಗಳು ಇದೇ ಎಡೆಯಲ್ಲಿ ಸಿಕ್ಕಿಕೊಂಡಿವೆ.

ಮಾವನವರಿಗೆ ಪಾರ್ಶ್ವವಾಯು ಆದ ಮೇಲೆ ಹೋಂ ನರ್ಸ್ ಇಡಬೇಕೆಂದು ವಿಚಾರಿಸಿದೆವು. ಅವರಿಗೆ ಕೊಡಬೇಕಾದ ಮೊತ್ತ ನನ್ನ ಸಂಬಳಕ್ಕೆ ಹತ್ತಿರವಿತ್ತು. ಆದ್ದರಿಂದ ನಾನು ರಾತ್ರಿ ಪಾಳಿಯನ್ನೇ ಕೇಳಿ ಪಡೆದೆ. ಬೆಳಗ್ಗೆ ಬಂದು ಅವರನ್ನು ಒರೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸಿ, ಹನ್ನೊಂದಕ್ಕೆ ಮಲಗಿದರೆ ಎರಡಕ್ಕೆ ಎದ್ದು ಮತ್ತೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಆಸ್ಪತ್ರೆಯಲ್ಲಿ ಇದೇ ಕೆಲಸಕ್ಕೆ ಹಾಜರಿ ಪುಸ್ತಕವಿದೆ, ಪಾಳಿ ಮುಗಿದರೆ ಇನ್ನೊಬ್ಬರು ಬರುತ್ತಾರೆ.

ಈ ಕಡೆ ಇರುವ ಒಂದು ನಿಜವಾದ ಅನುಕೂಲವನ್ನೂ ಹೇಳಬೇಕು. 2008ರಲ್ಲಿ ಕೇರಳ ಪಾಲಿಯೇಟಿವ್ (ಉಪಶಮನ) ಆರೈಕೆಯ ನೀತಿಯನ್ನು ತಂದದ್ದರಿಂದ, ಹಾಸಿಗೆ ಹಿಡಿದವರ ಮನೆಗೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಬರುತ್ತಾರೆ; ಕ್ಯಾತಿಟರ್ ಬದಲಿಸುವುದು, ಹುಣ್ಣಿಗೆ ಮದ್ದು ಕಟ್ಟುವುದು, ಮನೆಯವರಿಗೆ ಹೇಳಿಕೊಡುವುದು ಎಲ್ಲವೂ ಉಚಿತ. ಕಾರ್ಡಿನ ಬಣ್ಣ ಕೇಳುವುದಿಲ್ಲ. ನಮ್ಮ ಕನ್ನಡದ ಎಷ್ಟೋ ಮನೆಗಳು ಇದನ್ನು ಬಡವರಿಗೆಂದು ತಿಳಿದೋ, ಮಲಯಾಳದಲ್ಲಿ ಮಾತನಾಡಲು ಸಂಕೋಚಪಟ್ಟೋ ಕೇಳುವುದೇ ಇಲ್ಲ. ಆರೋಗ್ಯ ಕೇಂದ್ರಕ್ಕೆ ಹೋಗಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ಹೇಳಿ ಹೆಸರು ನೋಂದಾಯಿಸಿ. ನಮಗೆ ಆ ಭೇಟಿಗಳಿಂದ ಸಿಕ್ಕಿದ್ದು ಮದ್ದಿಗಿಂತ ಹೆಚ್ಚಾಗಿ ಒಂದಿಷ್ಟು ಬಿಡುವು.

ಬೆಂಗಳೂರಿನಿಂದ, ಮೂಲ ಮುಳ್ಳೇರಿಯ

ನಾನು ದೂರದಲ್ಲಿರುವವನು. ಅಪ್ಪ ಅಮ್ಮ ಇಬ್ಬರೇ ಊರಲ್ಲಿದ್ದಾರೆ. ಕಳುಹಿಸುವ ದುಡ್ಡಿನಿಂದ ಆಗದ ಕೆಲಸಗಳೇ ಅಲ್ಲಿ ಹೆಚ್ಚು. ಬ್ಯಾಂಕಿನ ನೋಟೀಸು, ವಿದ್ಯುತ್ ಬಿಲ್ಲಿನ ಹಿಂಬದಿ, ವಿಲ್ಲೇಜ್ ಆಫೀಸಿನ ತೆರಿಗೆ ಕಾಗದ ಮಲಯಾಳದಲ್ಲಿ ಬರುತ್ತವೆ; ಅವರು ಓದಿದ್ದು ಕನ್ನಡ. ಪಕ್ಕದ ಮನೆಯ ಹುಡುಗಿಯೊಬ್ಬಳು ಶಾಲೆಯಿಂದ ಬಂದು ಓದಿ ಹೇಳುತ್ತಾಳೆ, ಸರಕಾರಿ ಅರ್ಜಿಗಳನ್ನು ಸಲ್ಲಿಸುವ ಅಕ್ಷಯ ಕೇಂದ್ರಕ್ಕೂ ಜೊತೆಗೆ ಹೋಗುತ್ತಾಳೆ. ಅವಳ ಆ ಹೊತ್ತಿನ ಮೇಲೆ ನಮ್ಮ ಸಂಸಾರ ನಿಂತಿದೆ. ಗಡಿನಾಡಿನ ಮನೆಗಳಲ್ಲಿ ಸಮಯದ ಲೆಕ್ಕ ಹಾಕುವಾಗ ಈ ಓದಿ ಹೇಳುವ ಕೆಲಸವನ್ನೂ ಸೇರಿಸಬೇಕೆಂದು ನನ್ನ ವಿನಂತಿ.

ಉಪ್ಪಳದಿಂದ, ಚರ್ಚೆ ಆರಂಭಿಸಿದವರು

ಎಲ್ಲರಿಗೂ ವಂದನೆಗಳು. ಮಾಷ್ಟ್ರೇ, ಅಗತ್ಯವನ್ನು ಕಡಿಮೆ ಮಾಡಬೇಕೆಂಬ ನಿಮ್ಮ ಮಾತು ನಮ್ಮ ಮನೆಯಲ್ಲಿ ನಿತ್ಯದ ಪಾಠ. ಆದರೆ ಕಡಿಮೆ ಮಾಡಿದಲ್ಲೆಲ್ಲ ಯಾರದಾದರೂ ಹೊತ್ತು ಆ ಜಾಗಕ್ಕೆ ಬಂದು ಕೂರುತ್ತದೆ. ಕೆಲಸದವಳು ಬೇಡವೆಂದರೆ ಪಾತ್ರೆ ನಾನು ತೊಳೆಯುತ್ತೇನೆ. ಆಟೊ ಬೇಡವೆಂದರೆ ಅತ್ತೆ ಮಂಡಿ ಹಿಡಿದುಕೊಂಡು ಶಾಲೆಯವರೆಗೆ ನಡೆಯುತ್ತಾರೆ. ಮಿತವ್ಯಯವೂ ಒಬ್ಬರ ದುಡಿಮೆಯಿಂದಲೇ ನಡೆಯುತ್ತದೆ ಎಂಬುದನ್ನು ಹಿರಿಯರು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ. 2019ರ ಸಮೀಕ್ಷೆಯಲ್ಲಿ ಹೆಂಗಸರದ್ದು 299 ನಿಮಿಷ, ಗಂಡಸರದ್ದು 97 ನಿಮಿಷ ಇತ್ತು. ಐದು ವರ್ಷಗಳಲ್ಲಿ ಇಬ್ಬರದೂ ಹತ್ತು ನಿಮಿಷದ ಆಸುಪಾಸು ಇಳಿದಿದೆ, ನಡುವಿನ ಅಂತರ ಹೆಚ್ಚುಕಡಿಮೆ ಹಾಗೆಯೇ ಇದೆ. ಮನೆಯ ಹೊರಗೆ ಎಂಟು ಗಂಟೆ ದುಡಿದು, ದಾರಿಯಲ್ಲಿ ಮೂರು ಗಂಟೆ ಕಳೆಯುವ ಹೆಣ್ಣಿಗೆ ಈ 289 ನಿಮಿಷದಲ್ಲಿ ಅರ್ಧ ಉಳಿದರೂ, ನಿದ್ದೆಯಿಂದಲ್ಲದೆ ಬೇರೆಲ್ಲಿಂದ ಅದನ್ನು ತೆಗೆಯುವುದು?

ಕಾನೂನಿನಲ್ಲಿ ಏನೂ ಇಲ್ಲವೆಂದಲ್ಲ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ಬಂತು, 50 ಮಂದಿ ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೊಠಡಿ ಕಡ್ಡಾಯವಾಯಿತು. ನನ್ನ ಕಚೇರಿಯಂಥ ಹತ್ತಿಪ್ಪತ್ತು ಜನರ ಕಚೇರಿಗೆ ಆ ಕೊಠಡಿಯ ನಿಯಮ ಅನ್ವಯವಾಗದು. ಅಲ್ಲದೆ ಮಗುವಿಗೆ ಆರು ತಿಂಗಳಾದ ಮೇಲೆಯೂ ಹನ್ನೆರಡು ವರ್ಷ ಯಾರಾದರೂ ಬೇಕಲ್ಲ.

ಮಕ್ಕಳ ಓದಿನ ಬಗ್ಗೆಯೂ ಹೇಳಬೇಕು. ಕೇರಳದ ಪಿಎಸ್‌ಸಿ ಕೆಲಸಕ್ಕೆ ಮಲಯಾಳ ಬೇಕಾದೀತು, ಮಂಗಳೂರಿನಲ್ಲಿ ಓದಲು ಇಂಗ್ಲಿಷ್ ಬೇಕು, ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರೆಂದು ಅರ್ಹತೆ ಪಡೆಯಲು ಕನ್ನಡದ ಪರೀಕ್ಷೆ ಬರೆಯಬೇಕು. ಯಾವ ಬಾಗಿಲು ತೆರೆಯುತ್ತದೋ ತಿಳಿಯದ್ದರಿಂದ ಹೆತ್ತವರು ಎಲ್ಲ ಬಾಗಿಲುಗಳ ಮುಂದೆಯೂ ಮಗುವನ್ನು ನಿಲ್ಲಿಸುತ್ತಾರೆ. ಎರಡು ರಾಜ್ಯಗಳ ಅರ್ಜಿ, ಎರಡು ಬಗೆಯ ಪ್ರಮಾಣಪತ್ರ, ಶನಿವಾರ ಒಂದು ಟ್ಯೂಷನ್, ಭಾನುವಾರ ಇನ್ನೊಂದು. ಹನ್ನೊಂದು ವರ್ಷದ ಮಗನಿಗೂ ಈಗ ಹೊತ್ತಿಲ್ಲ. ಅವನು ಗದ್ದೆಯ ಬದಿಯಲ್ಲಿ ಸುಮ್ಮನೆ ಆಡುವುದನ್ನು ನೋಡಿ ಬಹಳ ದಿನವಾಯಿತು, ಮತ್ತು ಇದರಿಂದ ನನಗಾಗುವಷ್ಟು ಸಂಕಟ ಬೇರೆ ಯಾವುದರಿಂದಲೂ ಆಗುವುದಿಲ್ಲ.

ಬದಿಯಡ್ಕದಿಂದ, ನಿವೃತ್ತ ಅಧ್ಯಾಪಕರು

ನಿಮ್ಮೆಲ್ಲರ ಬರಹ ಓದಿದ ಮೇಲೆ ನನ್ನಾಕೆಯನ್ನು ಕೇಳಿದೆ. ಆ ಕಾಲದಲ್ಲಿ ಅವರು ಏಳುತ್ತಿದ್ದುದು ನಾಲ್ಕಕ್ಕಂತೆ. ಬೀಡಿ ಕಟ್ಟಿ ಕೊಟ್ಟ ದುಡ್ಡು ಮಕ್ಕಳ ಪುಸ್ತಕಕ್ಕೆ ಹೋಗುತ್ತಿತ್ತಂತೆ. ಸೂಪು (ಬೀಡಿಯ ಮೊರ) ತುಂಬಿಸಿ ಡಿಪೋಗೆ ಕೊಟ್ಟು ಬರುತ್ತಿದ್ದುದು ನನಗೆ ನೆನಪಿದೆ. ಒಬ್ಬನ ಸಂಬಳದ ಸಂಸಾರ ಎಂಬ ನನ್ನ ಮಾತಿನ ಪಕ್ಕದಲ್ಲಿ ಆ ದುಡ್ಡೂ ಇರಲಿ. ದುಂದುವೆಚ್ಚದ ಬಗ್ಗೆ ನನ್ನ ಅಭಿಪ್ರಾಯ ಮೊದಲಿನಂತೆಯೇ ಇದೆ.

ಈಗ ಕೆಲಸಕ್ಕೆ ಬರುವ ಒಂದು ಮಾತು. ಮಕ್ಕಳ ಸಂಜೆಯ ಮೂರು ಗಂಟೆಗೆ ದಾರಿ ಹುಡುಕುವುದು ಕಷ್ಟವಿಲ್ಲ. ನಮ್ಮೂರುಗಳಲ್ಲಿ ಗ್ರಂಥಾಲಯಗಳಿವೆ, ಹೆಚ್ಚಿನವು ಸಂಜೆ ತೆರೆಯುತ್ತವೆ. ನಿವೃತ್ತ ಅಧ್ಯಾಪಕರು ಊರಿಗೆ ನಾಲ್ಕಾರು ಮಂದಿ ಇದ್ದೇವೆ. ಹೆಂಗಸರ ಸ್ವಸಹಾಯ ಸಂಘಗಳಾದ ಕುಟುಂಬಶ್ರೀಯ ಘಟಕಗಳು ಪ್ರತಿ ವಾರ್ಡಿನಲ್ಲೂ ಇವೆ. ಅವರಿಗೆ ತಿಂಡಿ ಮತ್ತು ಮೇಲ್ವಿಚಾರಣೆಯ ಕೆಲಸ ಕೊಟ್ಟರೆ ಅವರಿಗೂ ಆದಾಯ. ಕೇರಳದ ಪಂಚಾಯತಿಗೆ ತನ್ನದೇ ಯೋಜನೆ ಮಾಡುವ ಅಧಿಕಾರ 1996ರ ಜನಕೀಯ (ಜನರ) ಯೋಜನೆಯ ಕಾಲದಿಂದಲೂ ಇದೆ. ಇದನ್ನು ಗ್ರಾಮಸಭೆಯಲ್ಲಿ ಯಾರಾದರೂ ಎತ್ತಿದ್ದಾರೆಯೇ?

ಉಪ್ಪಳದಿಂದ, ಚರ್ಚೆ ಆರಂಭಿಸಿದವರು

ಎತ್ತಿಲ್ಲ, ಮಾಷ್ಟ್ರೇ. ಗ್ರಾಮಸಭೆ ನಡೆಯುವ ಹೊತ್ತಿಗೆ ನಮ್ಮಂಥವರು ರೈಲಿನಲ್ಲಿರುತ್ತೇವೆ. ನಮ್ಮ ಬೇಡಿಕೆ ಅಲ್ಲಿಗೆ ತಲುಪದಿರುವುದಕ್ಕೆ ಅದೂ ಒಂದು ಕಾರಣ. ಕಾನೂನಿನಂತೆ ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು, ವಾರ್ಡಿನ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಹಾಜರಿರಬೇಕು. ಮುಂದಿನ ಸಭೆಯನ್ನು ಭಾನುವಾರ ಕರೆಯುವಂತೆ ವಾರ್ಡ್ ಸದಸ್ಯರಲ್ಲಿ ಯಜಮಾನರು ಈಗಾಗಲೇ ಕೇಳಿದ್ದಾರೆ, ನೋಡೋಣ ಎಂದಿದ್ದಾರೆ.

ಅರ್ಜಿಯನ್ನು ಕನ್ನಡದಲ್ಲಿ ನಾನು ಬರೆಯುತ್ತೇನೆ; ಮಲಯಾಳದ ಪ್ರತಿಯನ್ನು ಮಂಜೇಶ್ವರದ ಅಕ್ಕ ನೋಡಿಕೊಡುತ್ತಾರೆಂದು ತಿಳಿಸಿದ್ದಾರೆ. ಹೆತ್ತವರಿಬ್ಬರೂ ದುಡಿಯುವ ಮನೆಗಳು ವಾರ್ಡಿನಲ್ಲಿ ಎಷ್ಟಿವೆ, ನಾಲ್ಕರಿಂದ ಏಳರವರೆಗೆ ಮಕ್ಕಳು ಎಲ್ಲಿರುತ್ತಾರೆ, ಅವರನ್ನು ನೋಡಿಕೊಳ್ಳುವವರ ವಯಸ್ಸೆಷ್ಟು ಎಂಬ ಮೂರು ವಿವರಗಳು ಅರ್ಜಿಯ ಜೊತೆಗಿದ್ದರೆ ಯೋಜನೆಯ ಕಾರ್ಯಗುಂಪಿನಲ್ಲಿ ಅದನ್ನು ಬದಿಗೆ ಸರಿಸುವುದು ಕಷ್ಟವಾಗುತ್ತದೆ. ಮಂಗಲ್ಪಾಡಿ, ಮಂಜೇಶ್ವರ, ಪೈವಳಿಕೆ, ಕುಂಬಳೆ ಪಂಚಾಯತುಗಳಲ್ಲಿರುವವರು ತಮ್ಮ ತಮ್ಮ ವಾರ್ಡಿನಲ್ಲಿ ಇಷ್ಟನ್ನು ಕೇಳಿ ಬರೆದಿಟ್ಟುಕೊಳ್ಳಿ. ಪೆರ್ಲದ ತಮ್ಮ ಎಣ್ಮಕಜೆಯದ್ದನ್ನು ನೋಡಿಕೊಳ್ಳಬಹುದೇ? ಮದ್ದು ಬಿಡುವ ಕೆಲಸ ಮುಗಿದ ಮೇಲೆ ಸಾಕು.